ಬೀಗ ಹಾಕಿದ ಬೀರುವಿನ ದೂರದರ್ಶಕ: ಶಾಲಾ–ಕಾಲೇಜು ಮುಖ್ಯಸ್ಥರಿಗೊಂದು ಬಹಿರಂಗ ಪತ್ರ

ತಮ್ಮ ದಾಸ್ತಾನಿನಲ್ಲಿ ದೂರದರ್ಶಕವೊಂದನ್ನು ಹೊಂದಿರುವ ಎಲ್ಲ ಶಾಲೆ ಮತ್ತು ಕಾಲೇಜುಗಳ ಮುಖ್ಯಸ್ಥರಿಗೆ,

ಮಾನ್ಯರೆ,

ನಿಮ್ಮ ಪ್ರಯೋಗಾಲಯದ ಬೀರುವಿನಲ್ಲಿ, ಬಹುಶಃ ಎಲ್ಲಕ್ಕಿಂತ ಮೇಲಿನ ಖಾನೆಯಲ್ಲಿ, ಉದ್ದನೆಯ ಪೆಟ್ಟಿಗೆಯೊಂದಿದೆ. ಅದನ್ನು ಹಳೆಯ ವಿದ್ಯಾರ್ಥಿಯೊಬ್ಬರು ದಾನವಾಗಿ ಕೊಟ್ಟಿರಬಹುದು, ಇಲ್ಲವೇ ಅನುದಾನ ಮಿಕ್ಕ ಯಾವುದೋ ವರ್ಷದ ಕೊನೆಯಲ್ಲಿ ಕೊಂಡಿರಬಹುದು. ದಾಸ್ತಾನು ಪುಸ್ತಕದಲ್ಲಿ ‘ದೂರದರ್ಶಕ – 1’ ಎಂಬ ನಮೂದಿದೆ. ತಪಾಸಣೆಯ ದಿನ ಅದರ ಎದುರಿಗೆ ಒಂದು ಗುರುತು ಬೀಳುತ್ತದೆ, ಆಮೇಲೆ ಮತ್ತೆ ಬೀಗ ಬೀಳುತ್ತದೆ. ಈ ಪತ್ರವನ್ನು ನಾನು ಆ ಪೆಟ್ಟಿಗೆಯ ಪರವಾಗಿ ಬರೆಯುತ್ತಿದ್ದೇನೆ.

ನಾನು ಖಗೋಳಶಾಸ್ತ್ರವನ್ನು ಓದಿ ಪದವಿ ಪಡೆದವನಲ್ಲ. ಕೆಲಸ ಮುಗಿಸಿ ಬಂದ ಮೇಲೆ ಚಿಕ್ಕ ದೂರದರ್ಶಕದಲ್ಲಿ ಆಕಾಶ ನೋಡುವುದನ್ನು ಅಭ್ಯಾಸ ಮಾಡಿಕೊಂಡ ಹವ್ಯಾಸಿ. ಈ ಹವ್ಯಾಸದ ಸುದ್ದಿ ತಿಳಿದವರು ಆಗಾಗ ತಮ್ಮ ಸಂಸ್ಥೆಯ ‘ಕೆಟ್ಟುಹೋದ’ ಉಪಕರಣವನ್ನು ನೋಡಿಕೊಡಿ ಎಂದು ಕರೆಯುತ್ತಾರೆ. ಹಾಗೆ ನಾನು ಕೈಯಲ್ಲಿ ಹಿಡಿದವುಗಳ ಪೈಕಿ ನಿಜವಾಗಿಯೂ ಕೆಟ್ಟಿದ್ದವು ಬೆರಳೆಣಿಕೆಯಷ್ಟು ಮಾತ್ರ. ಉಳಿದವನ್ನು ಯಾರೋ ಒಂದು ರಾತ್ರಿ ತಪ್ಪಾಗಿ ಬಳಸಿ, ಬೇಸತ್ತು, ಒಳಗಿಟ್ಟಿದ್ದರು ಅಷ್ಟೆ.

ಒಂದು ಪ್ರೌಢಶಾಲೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಅಲ್ಲಿದ್ದದ್ದು 60 ಮಿಲಿಮೀಟರ್ ಮಸೂರದ, 700 ಮಿಲಿಮೀಟರ್ ಸಂಗಮ ದೂರದ ಸಾಧಾರಣ ದೂರದರ್ಶಕ. ಪೆಟ್ಟಿಗೆಯ ಮೇಲೆ ‘ಏನೂ ಕಾಣುವುದಿಲ್ಲ’ ಎಂದು ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು. ತೆರೆದು ನೋಡಿದರೆ ಕಾರಣ ಕಣ್ಣಿಗೆ ರಾಚುವಂತಿತ್ತು. ಕೊಳವೆಯ ಬಾಯಿಗೆ ಹಾಕುವ ದೊಡ್ಡ ಪ್ಲಾಸ್ಟಿಕ್ ಮುಚ್ಚಳದ ನಡುವೆ ಇನ್ನೊಂದು ಪುಟ್ಟ ಮುಚ್ಚಳವಿರುತ್ತದೆ. ಆ ಪುಟ್ಟದ್ದನ್ನು ಮಾತ್ರ ಕಳಚಿ, ದೊಡ್ಡದನ್ನು ಹಾಗೆಯೇ ಬಿಟ್ಟು ನೋಡಿದ್ದರು. ಕಿಂಡಿಯ ಅಗಲ ಮಸೂರದ ಅರ್ಧದಷ್ಟಾದರೆ ಒಳಗೆ ಬರುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಇನ್ನೊಂದು ತುದಿಯಲ್ಲಿ, ಕಣ್ಣಿಡುವ ಜಾಗದಲ್ಲಿ, 4 ಮಿಲಿಮೀಟರ್ ಸಂಗಮ ದೂರದ ಪುಟ್ಟ ಮಸೂರ, ಅಂದರೆ ಐಪೀಸ್ ಇತ್ತು. ಅದಕ್ಕೂ ಕೊಳವೆಗೂ ನಡುವೆ ವರ್ಧನೆಯನ್ನು ಮೂರು ಪಟ್ಟು ಮಾಡುವ ಬಾರ್ಲೋ ಲೆನ್ಸ್. ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಲೆಕ್ಕ ಸುಲಭ: 700 ಅನ್ನು 4ರಿಂದ ಭಾಗಿಸಿದರೆ 175, ಅದನ್ನು ಮೂರರಿಂದ ಗುಣಿಸಿದರೆ 525. ಪೆಟ್ಟಿಗೆಯ ಹೊರಗೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿದ್ದ ಸಂಖ್ಯೆಯೂ ಅದೇ.

ಆ 525ನ್ನು ನಂಬಿದವರನ್ನು ನಾನು ದೂರುವುದಿಲ್ಲ, ಅಚ್ಚು ಹಾಕಿಸಿದವರನ್ನು ದೂರುತ್ತೇನೆ. ಒಂದು ದೂರದರ್ಶಕ ಎಷ್ಟು ಪಟ್ಟು ದೊಡ್ಡದಾಗಿ ತೋರಿಸಿದರೆ ಪ್ರಯೋಜನವಿದೆ ಎಂಬುದನ್ನು ನಿರ್ಧರಿಸುವುದು ಅದರ ಮಸೂರದ ಅಥವಾ ಕನ್ನಡಿಯ ಅಗಲ. ಅಗಲದ ಪ್ರತಿ ಮಿಲಿಮೀಟರಿಗೆ ಸುಮಾರು ಎರಡು ಪಟ್ಟು ಎಂಬುದು ಹವ್ಯಾಸಿಗಳೆಲ್ಲ ಒಪ್ಪಿರುವ ಮಿತಿ. ಆ ಪ್ರಕಾರ 60 ಮಿಲಿಮೀಟರ್ ಮಸೂರಕ್ಕೆ 120 ಪಟ್ಟೇ ಕೊನೆ, ಅದೂ ಗಾಳಿ ಅಲುಗದ ರಾತ್ರಿಯಲ್ಲಿ. ಅದರಾಚೆಗೆ ಬಿಂಬ ಹಿಗ್ಗುತ್ತದೆಯೇ ಹೊರತು ಹೊಸದಾಗಿ ಏನೂ ಕಾಣುವುದಿಲ್ಲ. ವರ್ಧನೆಯನ್ನು ಎರಡು ಪಟ್ಟು ಮಾಡಿದರೆ ಬಿಂಬದ ಕಾಂತಿ ಕಾಲುಭಾಗವಾಗುತ್ತದೆ, ಮುಕ್ಕಾಲಿಯ ಸಣ್ಣ ನಡುಕವೂ ಎರಡು ಪಟ್ಟಾಗುತ್ತದೆ, ಕಾಣುವ ಆಕಾಶದ ತುಣುಕು ಕಿರಿದಾಗುತ್ತದೆ. ಭೂಮಿ ಗಂಟೆಗೆ 15 ಡಿಗ್ರಿಯಂತೆ ತಿರುಗುತ್ತಿರುವುದರಿಂದ 525 ಪಟ್ಟಿನಲ್ಲಿ ಹೇಗೋ ಹಿಡಿದ ಗ್ರಹ ಅರ್ಧ ನಿಮಿಷದೊಳಗೆ ನೋಟದಿಂದ ಜಾರಿಹೋಗುತ್ತದೆ. ಅದನ್ನು ಹುಡುಕುತ್ತ ಶಿಕ್ಷಕರು ಬೆವರುತ್ತಾರೆ, ಸಾಲಿನಲ್ಲಿರುವ ಮಕ್ಕಳು ಗಲಾಟೆ ಮಾಡುತ್ತಾರೆ, ಮರುದಿನ ಪೆಟ್ಟಿಗೆ ಮೇಲಿನ ಖಾನೆಗೆ ಹೋಗುತ್ತದೆ.

ಅಂದು ನಾವು ಮಾಡಿದ್ದಿಷ್ಟೇ. ದೊಡ್ಡ ಮುಚ್ಚಳ ತೆಗೆದೆವು, ಬಾರ್ಲೋ ಲೆನ್ಸನ್ನು ಪಕ್ಕಕ್ಕಿಟ್ಟೆವು, 20 ಮಿಲಿಮೀಟರಿನ ಐಪೀಸ್ ಹಾಕಿದೆವು. ಅಂದರೆ ವರ್ಧನೆ ಕೇವಲ 35 ಪಟ್ಟು. ಶುಕ್ಲಪಕ್ಷದ ಸಪ್ತಮಿಯ ಚಂದ್ರ ಇದ್ದ. ಮೊದಲು ಕಣ್ಣಿಟ್ಟವರು ಬೀರುವಿನ ಬೀಗದ ಕೈ ಇಟ್ಟುಕೊಂಡಿದ್ದ ಪ್ರಯೋಗಾಲಯ ಸಹಾಯಕರು. ಬಹಳ ಹೊತ್ತು ನೋಡಿ, ತಲೆಯೆತ್ತಿ, ಕೊಳವೆಯ ಮುಂದಿನ ತುದಿಗೆ ಹೋಗಿ ಅಲ್ಲಿ ಚಿತ್ರವೇನಾದರೂ ಅಂಟಿಸಿದ್ದಾರೆಯೇ ಎಂದು ಪರೀಕ್ಷಿಸಿ ಬಂದರು. ನಾನು ನಗಲಿಲ್ಲ, ಈ ಅನುಮಾನ ಹಲವರಿಗೆ ಬರುತ್ತದೆ. ದೂರದರ್ಶಕವನ್ನು ಮುಟ್ಟದೆ ನೋಡುತ್ತಲೇ ಇರುವಂತೆ ಕೇಳಿಕೊಂಡೆ. ಎರಡು ಮೂರು ನಿಮಿಷಗಳಲ್ಲಿ ಚಂದ್ರನ ಅಂಚು ವೃತ್ತದ ಹೊರಗೆ ಜಾರತೊಡಗಿದಾಗ ಅವರು ಒಪ್ಪಿದರು. ಅಂಟಿಸಿದ ಚಿತ್ರ ಜಾರುವುದಿಲ್ಲ.

ನಿಮ್ಮಲ್ಲಿ ನನ್ನ ಮೊದಲ ಕೋರಿಕೆ ರಾತ್ರಿಯ ಕಾರ್ಯಕ್ರಮ ಏರ್ಪಡಿಸಿ ಎಂಬುದಲ್ಲ. ಮಕ್ಕಳನ್ನು ರಾತ್ರಿ ಕರೆಸುವುದರಲ್ಲಿ ಪೋಷಕರ ಅನುಮತಿ, ಸಾರಿಗೆ, ಕಾವಲು ಎಂಬ ನೂರು ತೊಡಕುಗಳಿವೆ, ಅವು ಸುಳ್ಳು ತೊಡಕುಗಳೂ ಅಲ್ಲ. ಆದರೆ ದೂರದರ್ಶಕವೆಂದರೆ ರಾತ್ರಿಯ ಉಪಕರಣ ಎಂಬ ನಂಬಿಕೆಯನ್ನು ಸ್ವಲ್ಪ ಸಡಿಲಿಸಬಹುದು. ಶುಕ್ಲಪಕ್ಷದ ಅಷ್ಟಮಿಯ ಆಸುಪಾಸಿನಲ್ಲಿ ಚಂದ್ರ ಹುಟ್ಟುವುದೇ ನಡುಹಗಲಿಗೆ. ಶಾಲೆ ಬಿಡುವ ನಾಲ್ಕು ಗಂಟೆಯ ಹೊತ್ತಿಗೆ ಅವನು ಪೂರ್ವದ ಆಕಾಶದಲ್ಲಿ ಸಾಕಷ್ಟು ಮೇಲೇರಿರುತ್ತಾನೆ. ಕೃಷ್ಣಪಕ್ಷದ ಅಷ್ಟಮಿಯ ಹೊತ್ತಿಗೆ ಬೆಳಗಿನ ಪ್ರಾರ್ಥನೆಯ ವೇಳೆಯಲ್ಲಿ ಪಶ್ಚಿಮದಲ್ಲಿ ಇರುತ್ತಾನೆ. ನೀಲಿ ಆಕಾಶದ ಹಿನ್ನೆಲೆಯಲ್ಲಿ ಬಿಂಬ ಸ್ವಲ್ಪ ಪೇಲವವಾಗಿ ಕಾಣುವುದು ನಿಜ. ಆದರೂ ಬೆಳಕು–ಕತ್ತಲೆಗಳ ಗಡಿಯಲ್ಲಿ ಸಾಲುಗಟ್ಟಿರುವ ಕುಳಿಗಳು, ಒಂದೊಂದರ ಒಳಗೆ ಬಿದ್ದಿರುವ ಕಪ್ಪು ನೆರಳು, ಕೆಲವುಗಳ ನಡುವೆ ಎದ್ದಿರುವ ಪುಟ್ಟ ಶಿಖರ ಇವೆಲ್ಲ ಕಾಣುತ್ತವೆ. ಹುಣ್ಣಿಮೆಗಾಗಿ ಮಾತ್ರ ಕಾಯಬೇಡಿ. ಅಂದು ಬಿಸಿಲು ಚಂದ್ರನ ಮೇಲೆ ನೇರವಾಗಿ ಬೀಳುವುದರಿಂದ ನೆರಳುಗಳೇ ಇರುವುದಿಲ್ಲ, ಚಂದ್ರ ಸುಣ್ಣ ಬಳಿದ ತಟ್ಟೆಯಂತೆ ಚಪ್ಪಟೆಯಾಗಿ ತೋರುತ್ತಾನೆ.

ಹಗಲಿನಲ್ಲಿ ಹೊರತೆಗೆಯಿರಿ ಎಂದ ಮೇಲೆ ಸೂರ್ಯನ ವಿಷಯವನ್ನು ಬಿಡಿಸಿ ಹೇಳದಿದ್ದರೆ ಅಪರಾಧವಾದೀತು. ಹಳೆಯ ಪೆಟ್ಟಿಗೆಗಳಲ್ಲಿ ಐಪೀಸಿಗೆ ತಿರುಗಿಸಿ ಕೂರಿಸುವ ಕಡುಕಪ್ಪು ಗಾಜಿನ ಪುಟ್ಟ ಬಿಲ್ಲೆಯೊಂದಿರುತ್ತದೆ. ಅದರ ಅಂಚಿನಲ್ಲಿ ‘ಸನ್’ ಎಂದು ಬರೆದಿರುತ್ತದೆ. ಅದನ್ನು ಬಳಸಬೇಡಿ. ಮಸೂರ ಒಟ್ಟುಗೂಡಿಸಿದ ಬಿಸಿಲೆಲ್ಲ ಕೇಂದ್ರೀಕರಿಸುವ ಜಾಗದ ಸಮೀಪದಲ್ಲೇ ಆ ಗಾಜು ಕುಳಿತಿರುತ್ತದೆ. ಕಾದು ಸೀಳಿದರೆ ಅದರ ಹಿಂದೆ ಇರುವುದು ಮಗುವಿನ ಕಣ್ಣು. ಅಕ್ಷಿಪಟಕ್ಕೆ ನೋವು ತಿಳಿಯುವುದಿಲ್ಲವಾದ್ದರಿಂದ ಸುಟ್ಟದ್ದು ಕೂಡ ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ಆ ಬಿಲ್ಲೆಯನ್ನು ಇಂದೇ ಒಡೆದು ಎಸೆಯಿರಿ; ದಾಸ್ತಾನು ಪುಸ್ತಕದಿಂದ ತೆಗೆದುಹಾಕಲು ಅನುಮತಿ ಬೇಕೆಂದರೆ ಅದನ್ನು ಕೊಡಬೇಕಾದವರೂ ನೀವೇ. ಸೂರ್ಯನನ್ನು ನೋಡಲು ಇರುವ ಸರಿಯಾದ ಶೋಧಕ ಕೊಳವೆಯ ಮುಂದಿನ ಬಾಯಿಯನ್ನು ಪೂರ್ತಿ ಮುಚ್ಚುವಂಥದ್ದು, ಅಂದರೆ ಬಿಸಿಲು ಒಳಗೆ ಬರುವ ಮೊದಲೇ ಅದನ್ನು ತಡೆಯುವಂಥದ್ದು. ಅದು ಇಲ್ಲದಿದ್ದರೆ ಸೂರ್ಯನ ಗೊಡವೆಯೇ ಬೇಡ. ಹಗಲಿನಲ್ಲಿ ಚಂದ್ರನನ್ನು ನೋಡುವಾಗ ದೂರದರ್ಶಕವನ್ನು ಕಟ್ಟಡದ ನೆರಳಿನಲ್ಲಿ, ಸೂರ್ಯ ಮರೆಯಾಗಿರುವ ಕಡೆ ನಿಲ್ಲಿಸಿ, ಬಲ್ಲವರೊಬ್ಬರು ಅದರ ಪಕ್ಕದಿಂದ ಕದಲದಂತೆ ನೋಡಿಕೊಳ್ಳಿ.

ಇನ್ನೊಂದು ಕೆಲಸವನ್ನೂ ಹಗಲಿನಲ್ಲೇ ಮುಗಿಸಬೇಕು. ದೊಡ್ಡ ಕೊಳವೆಯ ಬೆನ್ನಿನ ಮೇಲೆ ಇರುವ ಪುಟ್ಟ ಕೊಳವೆಗೆ ಫೈಂಡರ್ ಎನ್ನುತ್ತಾರೆ. ದೊಡ್ಡದರಲ್ಲಿ ಆಕಾಶದ ತುಣುಕು ಅತಿ ಚಿಕ್ಕದಾಗಿ ಕಾಣುವುದರಿಂದ ಮೊದಲು ಇದರಲ್ಲಿ ಹುಡುಕಿ ಗುರಿ ಹಿಡಿಯಬೇಕು. ಎರಡೂ ಒಂದೇ ಕಡೆ ನೋಡುತ್ತಿದ್ದರೆ ಮಾತ್ರ ಇದು ಸಾಧ್ಯ, ಆದರೆ ಪೆಟ್ಟಿಗೆಯಿಂದ ತೆಗೆದಾಗ ಅವು ಸಾಮಾನ್ಯವಾಗಿ ಬೇರೆ ಬೇರೆ ಕಡೆ ನೋಡುತ್ತಿರುತ್ತವೆ. ದೂರದ ಗೋಪುರದ ತುದಿಯನ್ನೋ ನೀರಿನ ಟ್ಯಾಂಕಿನ ಅಂಚನ್ನೋ ಕಡಿಮೆ ವರ್ಧನೆಯಲ್ಲಿ ದೊಡ್ಡ ಕೊಳವೆಯ ನಡುವಿಗೆ ತಂದು, ಫೈಂಡರಿನ ಸುತ್ತಲಿನ ತಿರುಪುಗಳನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಅದರ ಅಡ್ಡಗೆರೆಗಳ ಸಂಧಿ ಅದೇ ತುದಿಯ ಮೇಲೆ ಬೀಳುವಂತೆ ಮಾಡಬೇಕು. ಹತ್ತು ನಿಮಿಷದ ಈ ಕೆಲಸವನ್ನು ಬಿಟ್ಟು ರಾತ್ರಿ ಶನಿಯನ್ನು ಹುಡುಕಲು ಹೊರಟವರು ಶನಿಯನ್ನು ಬಿಟ್ಟು ಬೇರೆಲ್ಲವನ್ನೂ ಕಾಣುತ್ತಾರೆ.

ಎರಡನೆಯ ಕೋರಿಕೆ ಆಡಳಿತಕ್ಕೆ ಸಂಬಂಧಿಸಿದ್ದು, ನನ್ನ ಅನುಭವದಲ್ಲಿ ಇದೇ ಮುಖ್ಯವಾದದ್ದು. ದೂರದರ್ಶಕ ಬೀರುವಿನಲ್ಲೇ ಉಳಿಯುವುದಕ್ಕೆ ಅಜ್ಞಾನಕ್ಕಿಂತ ದೊಡ್ಡ ಕಾರಣ ಭಯ. ‘ಒಡೆದರೆ ಯಾರು ಹೊಣೆ?’ ಎಂಬ ಪ್ರಶ್ನೆಗೆ ಬರಹದಲ್ಲಿ ಉತ್ತರ ಇಲ್ಲದಿರುವವರೆಗೆ ಯಾವ ಶಿಕ್ಷಕರೂ ಅದನ್ನು ಹೊರತೆಗೆಯುವುದಿಲ್ಲ; ಬೀಗದ ಕೈ ಇಟ್ಟುಕೊಂಡವರಂತೂ ತೆಗೆಯಲು ಬಿಡುವುದಿಲ್ಲ. ಪಾಠಕ್ಕಾಗಿ ಬಳಸುವಾಗ ಆದ ಸವೆತಕ್ಕಾಗಲಿ ಆಕಸ್ಮಿಕ ಹಾನಿಗಾಗಲಿ ಶಿಕ್ಷಕರನ್ನು ವೈಯಕ್ತಿಕವಾಗಿ ಹೊಣೆ ಮಾಡುವುದಿಲ್ಲ ಎಂಬ ಒಂದು ಸಾಲಿನ ಆದೇಶವನ್ನು ಸಹಿ ಮಾಡಿ ಕೊಡಿ. ಸೀಮೆಸುಣ್ಣ ಸವೆದದ್ದಕ್ಕೆ ಯಾರೂ ದಂಡ ಹಾಕುವುದಿಲ್ಲ. ಬೀರುವಿನಲ್ಲಿಟ್ಟರೆ ಉಪಕರಣ ಸುರಕ್ಷಿತ ಎಂಬುದೂ ಸರಿಯಲ್ಲ. ತೇವವಿರುವ ಗಾಳಿಯಾಡದ ಪೆಟ್ಟಿಗೆಯೊಳಗೆ ಮಸೂರದ ಮೇಲೆ ಬೂಷ್ಟು ಹಿಡಿಯುತ್ತದೆ. ಜೇಡರಬಲೆಯ ಎಳೆಗಳಂತೆ ಹರಡುವ ಅದು ಗಾಜಿನ ಲೇಪನವನ್ನೇ ತಿಂದುಹಾಕುತ್ತದೆ. ತಿಂಗಳಿಗೊಮ್ಮೆ ಗಾಳಿಗೆ ತೆರೆದ ದೂರದರ್ಶಕಕ್ಕೆ ಈ ರೋಗ ಬರುವುದು ಕಡಿಮೆ. ಮೇಲೆ ಕೂತ ಒಣ ಧೂಳಿನಿಂದ ನೋಟಕ್ಕೆ ಆಗುವ ನಷ್ಟ ತೀರಾ ಅಲ್ಪ; ಅದನ್ನು ಕರವಸ್ತ್ರದಿಂದ ಉಜ್ಜಿ ತೆಗೆಯಲು ಹೋದರೆ ಬೀಳುವ ಗೀರುಗಳು ಶಾಶ್ವತ. ಕನ್ನಡಿಯ ದೂರದರ್ಶಕವಾದರೆ ಅದರ ಲೋಹಲೇಪ ಗಾಜಿನ ಹಿಂಬದಿಗಲ್ಲ, ಮುಂಬದಿಗೇ ಇರುತ್ತದೆ ಎಂಬುದನ್ನು ಸ್ವಚ್ಛತೆಯ ಉತ್ಸಾಹವಿರುವ ಪ್ರತಿಯೊಬ್ಬರಿಗೂ ಮೊದಲೇ ತಿಳಿಸಿಬಿಡಿ.

ಗ್ರಹಣದ ದಿನವೋ ವಿಜ್ಞಾನ ದಿನವೋ ಬಂದಾಗ ಇಡೀ ಶಾಲೆಯನ್ನು ಸಾಲಿನಲ್ಲಿ ನಿಲ್ಲಿಸುವ ಪದ್ಧತಿಯ ಬಗ್ಗೆಯೂ ಒಂದು ಮಾತು. ಮುನ್ನೂರು ಮಕ್ಕಳಿಗೆ ತಲಾ ಒಂದು ನಿಮಿಷವೆಂದರೆ ಐದು ಗಂಟೆ ಬೇಕು. ಹಾಗಾಗಿ ತಲಾ ಐದು ಸೆಕೆಂಡು ಸಿಗುತ್ತದೆ, ಕಣ್ಣು ಐಪೀಸಿಗೆ ಹೊಂದಿಕೊಳ್ಳುವಷ್ಟರಲ್ಲಿ ಹಿಂದಿನವರು ತಳ್ಳುತ್ತಾರೆ, ‘ಕಂಡಿತಾ?’ ಎಂದು ಕೇಳಿದರೆ ಮಗು ಮರ್ಯಾದೆಗೆ ‘ಕಂಡಿತು’ ಎನ್ನುತ್ತದೆ. ಅದರ ಬದಲು ಹನ್ನೆರಡು ಮಕ್ಕಳ ಒಂದು ಗುಂಪಿಗೆ ಒಂದು ಸಂಜೆ ಕೊಡಿ. ಅವರ ಕೈಗೆ ಪೆನ್ಸಿಲು ಮತ್ತು ವೃತ್ತ ಎಳೆದ ಹಾಳೆ ಕೊಟ್ಟು ಕಂಡದ್ದನ್ನು ಬಿಡಿಸಲು ಹೇಳಿ. ಚಿತ್ರ ಚೆನ್ನಾಗಿರಬೇಕಿಲ್ಲ, ಬಿಡಿಸಬೇಕೆಂದಾಗ ಕಣ್ಣು ನೋಡುವ ರೀತಿಯೇ ಬದಲಾಗುತ್ತದೆ.

ಇದಕ್ಕೆ ಗುರುಗ್ರಹಕ್ಕಿಂತ ಒಳ್ಳೆಯ ವಸ್ತು ಇಲ್ಲ. 1610ರ ಜನವರಿ 7ರಂದು ಗೆಲಿಲಿಯೋ ಸುಮಾರು 20 ಪಟ್ಟು ವರ್ಧಿಸುವ ತನ್ನ ದೂರದರ್ಶಕದಲ್ಲಿ ಗುರುವಿನ ಪಕ್ಕ ಮೂರು ಚುಕ್ಕೆಗಳನ್ನು ಕಂಡ. ಕೆಲವೇ ದಿನಗಳಲ್ಲಿ ಅವು ನಾಲ್ಕಾದವು. ರಾತ್ರಿಯಿಂದ ರಾತ್ರಿಗೆ ಅವು ಸ್ಥಾನ ಬದಲಿಸುವುದನ್ನು ಗುರುತು ಹಾಕಿಕೊಂಡು ಹೋದದ್ದರಿಂದಲೇ ಅವು ಗುರುವನ್ನು ಸುತ್ತುವ ಚಂದ್ರರು ಎಂದು ಅವನಿಗೆ ಹೊಳೆಯಿತು. ನಿಮ್ಮ ಬೀರುವಿನಲ್ಲಿರುವ ಉಪಕರಣದ ಗಾಜು ಗೆಲಿಲಿಯೋನದ್ದಕ್ಕಿಂತ ಎಷ್ಟೋ ಉತ್ತಮ. ಒಳಗಿನ ಚಂದ್ರ ಅಯೋ ಒಂದು ಮುಕ್ಕಾಲು ದಿನದಲ್ಲಿ ಸುತ್ತು ಮುಗಿಸುತ್ತದೆ, ಹೊರಗಿನ ಕ್ಯಾಲಿಸ್ಟೋಗೆ ಹದಿನೇಳು ದಿನಗಳ ಹತ್ತಿರ ಬೇಕು. ಒಂದು ತಿಂಗಳಲ್ಲಿ ಇಪ್ಪತ್ತು ಸಂಜೆ, ಸಂಜೆಗೆ ಹತ್ತು ನಿಮಿಷ, ಒಂದು ಗೆರೆಯ ಮೇಲೆ ನಾಲ್ಕು ಚುಕ್ಕೆ: ಇಷ್ಟರಿಂದಲೇ ಮಕ್ಕಳು ಕ್ಯಾಲಿಸ್ಟೋವಿನ ಅವಧಿಯನ್ನು ತಾವೇ ಅಂದಾಜು ಮಾಡಬಲ್ಲರು. ಉತ್ತರ ಹದಿನೈದು ದಿನ ಎಂದು ಬಂದರೂ ತಿದ್ದಬೇಡಿ. ಅದು ಪುಸ್ತಕದಿಂದ ನಕಲು ಮಾಡಿದ್ದಲ್ಲ ಎಂಬುದಕ್ಕೆ ಆ ತಪ್ಪೇ ಸಾಕ್ಷಿ.

ಉಳಿದ ನೋಟಗಳ ವಿಷಯದಲ್ಲಿ ಮಕ್ಕಳಿಗೆ ಮೊದಲೇ ನಿಜ ಹೇಳಿ. ಪಠ್ಯಪುಸ್ತಕದ ಬಣ್ಣದ ನೀಹಾರಿಕೆಗಳು ಕ್ಯಾಮೆರಾ ಬಹುಕಾಲ ತೆರೆದಿಟ್ಟು ಸಂಗ್ರಹಿಸಿದ ಬೆಳಕು. ಕಣ್ಣಿಗೆ ಮಹಾವ್ಯಾಧನ ನೀಹಾರಿಕೆ ಬೂದುಬಣ್ಣದ ಮಂಜಿನಂತೆ ಕಾಣುತ್ತದೆ, ದೇವಯಾನಿ ಗೆಲಾಕ್ಸಿ ಉಜ್ಜಿದ ಸೀಮೆಸುಣ್ಣದ ಕಲೆಯಂತೆ. ಆ ಕಲೆಯ ಬೆಳಕು ಹೊರಟದ್ದು ಸುಮಾರು 25 ಲಕ್ಷ ವರ್ಷಗಳ ಹಿಂದೆ ಎಂದು ನೋಡುವ ಮೊದಲೇ ತಿಳಿಸಿದರೆ ನಿರಾಶೆ ಕಡಿಮೆ. ಕತ್ತಲೆಗೆ ಕಣ್ಣು ಪೂರ್ತಿ ಒಗ್ಗಲು ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಯಾರಾದರೂ ಮೊಬೈಲ್ ತೆರೆದರೆ ಎಣಿಕೆ ಮತ್ತೆ ಮೊದಲಿನಿಂದ. ಮಸುಕಾದ ವಸ್ತುವನ್ನು ನೇರವಾಗಿ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿದರೆ ಅದು ಹೆಚ್ಚು ಸ್ಪಷ್ಟವಾಗುತ್ತದೆ ಎಂಬುದನ್ನೂ ಕಲಿಸಬೇಕು. ಸುತ್ತಲೂ ದೀಪಗಳಿದ್ದು ಆಕಾಶ ಬೆಳ್ಳಗಿದ್ದರೆ ನೀಹಾರಿಕೆಗಳನ್ನು ಬಿಟ್ಟುಬಿಡಿ; ಚಂದ್ರ, ಗ್ರಹಗಳು ಮತ್ತು ಜೋಡಿ ನಕ್ಷತ್ರಗಳಿಗೆ ಬೀದಿದೀಪದ ಹಂಗಿಲ್ಲ. ಸಪ್ತರ್ಷಿ ಮಂಡಲದಲ್ಲಿ ವಸಿಷ್ಠನ ಪಕ್ಕದ ಅರುಂಧತಿಯನ್ನು ಬರಿಗಣ್ಣಿಗೆ ತೋರಿಸುವುದು ಎಲ್ಲರಿಗೂ ಗೊತ್ತು, ಆದರೆ 35 ಪಟ್ಟು ವರ್ಧನೆಯಲ್ಲಿ ವಸಿಷ್ಠನೇ ಎರಡಾಗಿ ಒಡೆಯುವುದನ್ನು ಕಂಡವರು ಕಡಿಮೆ. ನಿಮ್ಮ ಆವರಣದ ಹೊನಲು ದೀಪಗಳನ್ನು ಆ ಒಂದು ಗಂಟೆ ಆರಿಸುವುದಂತೂ ನಿಮ್ಮ ಕೈಯಲ್ಲೇ ಇದೆ.

ಇಷ್ಟು ಚಿಕ್ಕ ಉಪಕರಣದಿಂದ ಏನಾದೀತು ಎಂದು ಕೇಳುವವರಿಗೆ ನಾನು ಸಾಮಾನ್ಯವಾಗಿ ರಾಧಾಗೋವಿಂದ ಚಂದ್ರರ ವಿಷಯ ಹೇಳುತ್ತೇನೆ. ಅವಿಭಜಿತ ಬಂಗಾಳದ ಜೆಸ್ಸೋರಿನಲ್ಲಿ ಖಜಾನೆಯ ನೌಕರರಾಗಿದ್ದ ಅವರು ಮೂರು ಇಂಚಿನ ದೂರದರ್ಶಕವೊಂದನ್ನು ಕೊಂಡು, ಬೆಳಕು ಏರಿಳಿಯುವ ನಕ್ಷತ್ರಗಳನ್ನು ರಾತ್ರಿಯಿಂದ ರಾತ್ರಿಗೆ ಗಮನಿಸಿ ದಾಖಲಿಸುತ್ತ ಹೋದರು. ಇಂಥ ದಾಖಲೆಗಳನ್ನು ಹವ್ಯಾಸಿಗಳಿಂದ ಸಂಗ್ರಹಿಸಲೆಂದೇ 1911ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸಂಘಕ್ಕೆ ಅವರು ಕಳುಹಿಸಿದ ವೀಕ್ಷಣೆಗಳು ಮೂವತ್ತೇಳು ಸಾವಿರಕ್ಕೂ ಹೆಚ್ಚು. ಅವರ ಶ್ರದ್ಧೆಯನ್ನು ಮೆಚ್ಚಿದ ಸಂಘ ಆರು ಇಂಚಿನ ದೂರದರ್ಶಕವೊಂದನ್ನು ಎರವಲಾಗಿ ಕಳುಹಿಸಿಕೊಟ್ಟಿತು. ಮುಂದೆ ಅದು ಖಗೋಳವಿಜ್ಞಾನಿ ವೇಣು ಬಾಪು ಅವರ ಕೈಸೇರಿತು. 1995ರ ಜುಲೈ ತಿಂಗಳಲ್ಲಿ ಹೇಲ್–ಬಾಪ್ ಧೂಮಕೇತುವನ್ನು ಕಂಡ ಇಬ್ಬರಲ್ಲಿ ಒಬ್ಬರಾದ ಥಾಮಸ್ ಬಾಪ್ ಅವರ ಬಳಿಯಂತೂ ಸ್ವಂತದ ದೂರದರ್ಶಕವೇ ಇರಲಿಲ್ಲ. ಆ ರಾತ್ರಿ ಅವರು ಕಣ್ಣಿಟ್ಟದ್ದು ಗೆಳೆಯರೊಬ್ಬರ ದೂರದರ್ಶಕಕ್ಕೆ. ಎರವಲು ಕೊಡುವುದರ ಈ ಪದ್ಧತಿಯನ್ನು ನೀವೂ ಅನುಸರಿಸಬಹುದು. ಒಂದು ವರ್ಷ ನಿಷ್ಠೆಯಿಂದ ಸಂಜೆಗಳಲ್ಲಿ ಬಂದ ವಿದ್ಯಾರ್ಥಿನಿಗೆ ರಜೆಯ ತಿಂಗಳಲ್ಲಿ ದೂರದರ್ಶಕವನ್ನು ಮನೆಗೆ ಕೊಂಡೊಯ್ಯಲು ಬಿಟ್ಟರೆ ಅದು ಮುರಿದು ಬರುವ ಸಾಧ್ಯತೆ ಇದ್ದೇ ಇದೆ. ಆದರೂ ಬಿಡಿ ಎಂದೇ ನನ್ನ ಸಲಹೆ.

ಪಂಚಾಂಗ ತೆಗೆದು ಮುಂದಿನ ಶುಕ್ಲಪಕ್ಷದ ಅಷ್ಟಮಿ ಯಾವ ವಾರ ಬರುತ್ತದೆಂದು ನೋಡಿ. ಅದಕ್ಕೆ ಎರಡು ದಿನ ಮೊದಲು ಪೆಟ್ಟಿಗೆಯನ್ನು ಕೆಳಗಿಳಿಸಿ, ಎರಡೂ ಮುಚ್ಚಳಗಳನ್ನು ತೆಗೆದು, ಇರುವ ಐಪೀಸುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಬರೆದಿರುವುದನ್ನು ಹಾಕಿಸಿ, ಫೈಂಡರನ್ನು ಹೊಂದಿಸಿಡಲು ಹೇಳಿ. ಮೊದಲ ನೋಟವನ್ನು ನೀವೇ ನೋಡಿ. ಆಮೇಲೆ ಪೆಟ್ಟಿಗೆಯ ಮೇಲಿನ 525 ಎಂಬ ಸಂಖ್ಯೆಯ ಮೇಲೊಂದು ಕಾಗದ ಅಂಟಿಸಿ, ಬೀಗದ ಕೈ ಯಾರ ಬಳಿ, ಯಾವ ವಾರ ಯಾವ ತರಗತಿಯ ಸರದಿ ಎಂಬುದನ್ನು ಅದರ ಮೇಲೆ ಬರೆಸಿ.

ಇತಿ,
ಒಬ್ಬ ಹವ್ಯಾಸಿ ಆಕಾಶವೀಕ್ಷಕ